ಜಿಡ್ಡು ಬಿಡಿಸುವ ಬ್ಯಾಕ್ಟೀರಿಯಾ

ಕೈಗೆ ಗ್ರೀಸ್ ಮೆತ್ತಿದರೆ ಬರೀ ನೀರಿಗೆ ಹೋಗುವುದಿಲ್ಲ, ಸೋಪು ಬೇಕು. ಸೋಪಿನ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ. ಇಂಥ ಎರಡು ತುದಿಯ ವಸ್ತುವಿಗೆ ಸರ್ಫ್ಯಾಕ್ಟಂಟ್ ಎನ್ನುತ್ತಾರೆ. ಕೆಲವು ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳು ಇದನ್ನು ತಾವೇ ತಯಾರಿಸಿಕೊಳ್ಳುತ್ತವೆ.

ಅವಕ್ಕೇಕೆ ಬೇಕು? ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಿ, ಊಟ ಇರುವುದು ನೀರಿಗೆ ಬೆರೆಯದ ಎಣ್ಣೆಯಲ್ಲಿ. ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದರೆ ಬಾಯಿಗೆ ಸಿಗುತ್ತದೆ. (ಬಾಯಿ ಎಂದದ್ದು ಮಾತಿಗೆ, ಅವು ಹೀರುವುದು ಮೈಯಿಂದಲೇ.) ನಾವಿಲ್ಲಿ ಒಂದನ್ನೇ ಗಟ್ಟಿಯಾಗಿ ತಿಳಿದುಕೊಳ್ಳೋಣ: ಸ್ಯೂಡೊಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾ ತಯಾರಿಸುವ ರ‍್ಯಾಮ್ನೊಲಿಪಿಡ್. ಅದರ ತಲೆ ರ‍್ಯಾಮ್ನೋಸ್ ಎಂಬ ಸಕ್ಕರೆ, ಬಾಲ ಕೊಬ್ಬಿನ ಆಮ್ಲ. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ರ‍್ಯಾಮ್ನೊಲಿಪಿಡ್ ಸ್ವಲ್ಪ ಬೆರೆತರೂ ಆ ಎಳೆತ 30ರ ಆಸುಪಾಸಿಗೆ ಇಳಿಯುತ್ತದೆ.

1989ರ ಮಾರ್ಚಿನಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಚೆಲ್ಲಿತು. ಎಣ್ಣೆ ಮೆತ್ತಿದ ಅಲ್ಲಿನ ಜಲ್ಲಿಕಲ್ಲನ್ನು ಇದೇ ಬ್ಯಾಕ್ಟೀರಿಯಾದ ಸರ್ಫ್ಯಾಕ್ಟಂಟ್‌ನಿಂದ ತೊಳೆದಾಗ ಬರೀ ನೀರಿಗಿಂತ ಎರಡು-ಮೂರು ಪಟ್ಟು ಹೆಚ್ಚು ಎಣ್ಣೆ ಬಿಟ್ಟಿತೆಂದು 1990ರಲ್ಲಿ ವರದಿಯಾಯಿತು. ಆದರೆ ಕಲ್ಲಿನಿಂದ ಬಿಟ್ಟ ಎಣ್ಣೆ ಇಲ್ಲವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ಅದನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳೇ ಬೇಕು. ಅವಕ್ಕೆ ಆಮ್ಲಜನಕ, ಸಾರಜನಕ, ರಂಜಕ ಸಿಗಬೇಕು. ಸಾರಜನಕ, ರಂಜಕ ಒದಗಿಸಲೆಂದೇ ಅಲಾಸ್ಕಾದ ದಡಕ್ಕೆ ಗೊಬ್ಬರವನ್ನೂ ಹಾಕಿದರು.

ಇನ್ನು ತಯಾರಿಕೆ. ಮೊದಲು ಎಣ್ಣೆ ಬಿದ್ದ ಮಣ್ಣಿನಿಂದ ಬ್ಯಾಕ್ಟೀರಿಯಾ ಬೇರ್ಪಡಿಸಿ ಬೆಳೆಸಬೇಕು. ಬೆಳೆಸಿದ ದ್ರವದ ಒಂದು ಹನಿಯನ್ನು ಎಣ್ಣೆ ಸವರಿದ ತಟ್ಟೆಯ ಮೇಲೆ ಬಿಡಿ: ಮಣಿಯಂತೆ ನಿಂತರೆ ಏನೂ ಇಲ್ಲ, ಚಪ್ಪಟೆಯಾಗಿ ಹರಡಿದರೆ ಸರ್ಫ್ಯಾಕ್ಟಂಟ್ ಇದೆ. ಎಷ್ಟು ಸರಳ ಪರೀಕ್ಷೆ ನೋಡಿ! ಆಮೇಲೆ ಆಯ್ದ ತಳಿಗೆ ಫರ್ಮೆಂಟರ್‌ನಲ್ಲಿ ಸೂರ್ಯಕಾಂತಿ ಎಣ್ಣೆಯನ್ನೋ ಗ್ಲಿಸರಾಲನ್ನೋ ಉಣಿಸುತ್ತಾರೆ. ಸಾರಜನಕ ಕಡಿಮೆಯಾದಾಗ ಬೆಳವಣಿಗೆ ನಿಧಾನಿಸಿ ರ‍್ಯಾಮ್ನೊಲಿಪಿಡ್ ಹೆಚ್ಚುತ್ತದೆ.

ನಿಜವಾದ ಪೇಚಾಟ ನೊರೆಯದು. ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು, ದ್ರವ ಸೋಪಿನಂಥದ್ದು. ಗಾಳಿ ಊದುತ್ತಿದ್ದಂತೆ ನೊರೆ ಉಕ್ಕಿ ಪೈಪು, ಫಿಲ್ಟರುಗಳಿಗೆ ನುಗ್ಗುತ್ತದೆ. ಜಾಣರು ಆ ನೊರೆಯನ್ನೇ ಇನ್ನೊಂದು ಪಾತ್ರೆಗೆ ಹರಿಸುತ್ತಾರೆ, ಏಕೆಂದರೆ ಬೇಕಾದ ಸರಕು ಅದರಲ್ಲೇ ಹೆಚ್ಚು ಸೇರಿರುತ್ತದೆ. ಆಮ್ಲ ಬೆರೆಸಿ ಪಿಎಚ್ ಅನ್ನು 2ರ ಹತ್ತಿರ ತಂದರೆ ರ‍್ಯಾಮ್ನೊಲಿಪಿಡ್ ತಳಕ್ಕಿಳಿಯುತ್ತದೆ.

ಎರುಜಿನೋಸಾ ದುರ್ಬಲ ರೋಗಿಗಳಿಗೆ ಸೋಂಕು ತರುವ ಜೀವಿ. ಹಾಗಾಗಿ ಅದರ ಜೀನ್‌ಗಳನ್ನು ನಿರುಪದ್ರವಿ ಸ್ಯೂಡೊಮೊನಾಸ್ ಪುಟಿಡಾಕ್ಕೆ ಸೇರಿಸಿಯೂ ತಯಾರಿಸುತ್ತಾರೆ. ಜರ್ಮನಿಯ ಎವೋನಿಕ್ ಕಂಪನಿ 2024ರಲ್ಲಿ ಸ್ಲೊವಾಕಿಯಾದಲ್ಲಿ ರ‍್ಯಾಮ್ನೊಲಿಪಿಡ್ ಕಾರ್ಖಾನೆ ತೆರೆಯಿತು, ಮುಖ್ಯವಾಗಿ ಪಾತ್ರೆ ತೊಳೆಯುವ ದ್ರವ, ಶಾಂಪೂಗಳಂಥ ಸರಕಿಗಾಗಿ. ಶಾಂಪೂಗೆ ಶುದ್ಧ ಮಾಲು ಬೇಕು, ಶುದ್ಧೀಕರಣ ದುಬಾರಿ. ಎಣ್ಣೆ ಕುಡಿದ ಮಣ್ಣಿಗೆ ಅಷ್ಟು ಶುದ್ಧಿಯ ಹಂಗಿಲ್ಲ: ಜೀವಕೋಶ ತೆಗೆದ ಕಚ್ಚಾ ದ್ರವವನ್ನೇ ಬಳಸಬಹುದು, ಖರ್ಚು ಇಳಿಯುವುದೂ ಅಲ್ಲೇ.