ವೇದಿಕೆ ಕಟ್ಟುವ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆಗಳು

ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ‘ಯೋಜನೆ’ ಎಂಬ ಅಧ್ಯಾಯವಿದೆ. ಗುರಿ ನಿಗದಿ ಮಾಡುವುದು, ಮುಂದೆ ಏನಾಗಬಹುದೆಂದು ಅಂದಾಜಿಸುವುದು, ಪರ್ಯಾಯಗಳನ್ನು ತೂಗಿ ಒಂದನ್ನು ಆರಿಸುವುದು, ಜಾರಿಗೆ ತಂದ ಮೇಲೆ ಗಮನಿಸುತ್ತಿರುವುದು ಅದರ ಹಂತಗಳು. ಇವನ್ನು ನಾವು ಬಾಯಿಪಾಠ ಮಾಡುತ್ತೇವೆ. ನಮ್ಮ ನಾಡಿನ ಎರಡು ಆನ್‌ಲೈನ್ ಸಮುದಾಯಗಳಿಗೆ ಅನ್ವಯಿಸಿ ನೋಡಿದರೆ ಇವು ಇನ್ನೂ ಚೆನ್ನಾಗಿ ಅರ್ಥವಾಗುತ್ತವೆ.

ಮೊದಲನೆಯದು ‘ಕೂ’. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ 2020ರಲ್ಲಿ ಬೆಂಗಳೂರಿನಿಂದ ಇದನ್ನು ಜನರ ಮುಂದಿಟ್ಟರು. ಇಂಗ್ಲಿಷ್ ಬಾರದವರೂ ತಮ್ಮ ಭಾಷೆಯಲ್ಲಿ ಅಭಿಪ್ರಾಯ ಹೇಳಬೇಕು ಎಂಬುದು ಗುರಿ. ಆರಂಭವಾದದ್ದು ಕನ್ನಡದಲ್ಲಿ. 2021ರ ಫೆಬ್ರುವರಿಯಲ್ಲಿ ಟ್ವಿಟರ್ ಮತ್ತು ಕೇಂದ್ರ ಸರ್ಕಾರದ ನಡುವೆ ತಿಕ್ಕಾಟವಾದಾಗ ಸಚಿವರು, ಇಲಾಖೆಗಳು ಕೂಗೆ ಬಂದವು. ದೊಡ್ಡ ಹೂಡಿಕೆದಾರರೂ ಬಂದರು. ಒಂದು ಹಂತದಲ್ಲಿ ದಿನಕ್ಕೆ 21 ಲಕ್ಷ ಸಕ್ರಿಯ ಬಳಕೆದಾರರಿದ್ದರು ಎಂದು ಸ್ಥಾಪಕರೇ ತಿಳಿಸಿದ್ದಾರೆ. ಆದರೂ 2024ರ ಜುಲೈಯಲ್ಲಿ ಕೂ ಮುಚ್ಚಿತು. ತಂತ್ರಜ್ಞಾನದ ಖರ್ಚು ಹೆಚ್ಚಿತ್ತು, ಬಂಡವಾಳ ಬರುವುದು ನಿಂತಿತ್ತು, ಬೇರೆ ಕಂಪನಿಗಳೊಂದಿಗಿನ ಮಾತುಕತೆ ಫಲಿಸಲಿಲ್ಲ.

ಎರಡನೆಯದು ನಮ್ಮ ಜಿಲ್ಲೆಗೆ ಹತ್ತಿರದ್ದು: ತುಳು ವಿಕಿಪೀಡಿಯ. ವಿಕಿಪೀಡಿಯದಲ್ಲಿ ಹೊಸ ಭಾಷೆಗೆ ನೇರ ಪ್ರವೇಶವಿಲ್ಲ. ‘ಇನ್‌ಕ್ಯುಬೇಟರ್’ ಎಂಬ ಜಾಗದಲ್ಲಿ ಮೊದಲು ಲೇಖನ ಬರೆದು, ಬರೆಯುವವರು ಸತತವಾಗಿ ಇದ್ದಾರೆಂದು ತೋರಿಸಬೇಕು. ಪುಟದ ಮೇಲಿನ ಸೂಚನೆಗಳನ್ನೂ ಆ ಭಾಷೆಗೆ ತರಬೇಕು. ತುಳು 2008ರಲ್ಲಿ ಅಲ್ಲಿ ಸೇರಿತು. ಸ್ವತಂತ್ರ ವಿಕಿಪೀಡಿಯವಾದದ್ದು 2016ರ ಆಗಸ್ಟ್‌ನಲ್ಲಿ. ಎಂಟು ವರ್ಷ! ಅಲ್ಲಿ ಬರೆದವರು ಸಂಬಳವಿಲ್ಲದ ಸ್ವಯಂಸೇವಕರು. ಇಂದಿಗೂ ಅದು ಚಿಕ್ಕದೇ, ಆದರೆ ಇದೆ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ತಿ ಸರಿಯಲ್ಲ. ಕೂ ಲಾಭ ಗಳಿಸಬೇಕಾದ ಕಂಪನಿ. ವಿಕಿಪೀಡಿಯದ ಸರ್ವರ್ ಖರ್ಚನ್ನು ದೇಣಿಗೆಯಿಂದ ನಡೆಯುವ ವಿಕಿಮೀಡಿಯ ಫೌಂಡೇಶನ್ ಹೊರುತ್ತದೆ. ಆದರೂ ಪಾಠ ಒಂದೇ: ಆ್ಯಪ್‌ಗೆ ಮೊದಲು ಜನ ಬೇಕು.

ಇದಕ್ಕೊಂದು ಲೆಕ್ಕವಿದೆ. 10 ಜನರ ಗುಂಪಿನಲ್ಲಿ 45 ಜೋಡಿ ಮಾತುಕತೆ ಸಾಧ್ಯ. 30 ಜನರಿದ್ದರೆ 435. ಜನ ಮೂರು ಪಟ್ಟಾದರೆ ಸಂಬಂಧಗಳು ಸುಮಾರು ಹತ್ತು ಪಟ್ಟು. ಇದನ್ನು ಜಾಲ ಪರಿಣಾಮ ಎನ್ನುತ್ತಾರೆ. ಜನ ಬಿಟ್ಟುಹೋಗುವಾಗ ಇದೇ ಲೆಕ್ಕ ಹಿಂದಕ್ಕೆ ಓಡುತ್ತದೆ. ಹೆಸರಾಂತರನ್ನು ನೋಡಲು ಜನ ಬರಬಹುದು. ತಮ್ಮವರು ಅಲ್ಲಿದ್ದರೆ ಮಾತ್ರ ಉಳಿಯುತ್ತಾರೆ.

ನಾರಾವಿ ಸುತ್ತಿನ ಪಿಯುಸಿ ವಿದ್ಯಾರ್ಥಿಗಳಿಗಾಗಿ ಒಂದು ವೇದಿಕೆ ಮಾಡುತ್ತೇವೆ ಎಂದುಕೊಳ್ಳೋಣ. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನಾಂಕ, ಹಳೆಯ ಪ್ರಶ್ನೆಪತ್ರಿಕೆ, ಬಸ್ಸಿನ ಸಮಯ ಅಲ್ಲಿ ಸಿಗಬೇಕು. ಆಗ ಕೇಳಬೇಕಾದ ಪ್ರಶ್ನೆಗಳು ಇವು:

1. ಯಾರು ಬರೆಯುತ್ತಾರೆ? ಮೊದಲ ದಿನ ಎಲ್ಲರೂ ಬರೆಯುತ್ತಾರೆ. ನೂರನೇ ದಿನವೂ ಬರೆಯುವ ಹತ್ತು ಜನ ಮೊದಲೇ ಸಿಗಬೇಕು.

2. ಯಾರು ಕಾಯುತ್ತಾರೆ? ಸುಳ್ಳು ದಿನಾಂಕವೊಂದು ಹರಡಿದರೆ ಯಾರದೋ ಒಂದು ವರ್ಷದ ಸ್ಕಾಲರ್‌ಶಿಪ್ ಹೋಗುತ್ತದೆ. ತಪ್ಪನ್ನು, ಬೈಗುಳವನ್ನು ತೆಗೆಯುವ ಜವಾಬ್ದಾರಿ ಹೆಸರಿಟ್ಟು ಹಂಚಬೇಕು. ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ. ಮಕ್ಕಳ ವೈಯಕ್ತಿಕ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹೇಳುತ್ತದೆ. ಹಾಗಾಗಿ ಫೋನ್ ನಂಬರ್, ಫೋಟೊ ಕೇಳುವ ಮೊದಲು ಅವು ನಿಜವಾಗಿ ಬೇಕೇ ಎಂದು ಯೋಚಿಸಬೇಕು.

3. ಖರ್ಚು ಯಾರದು? ಬಳಕೆದಾರರು ಹೆಚ್ಚಿದಂತೆ ಸರ್ವರ್ ಖರ್ಚೂ ಹೆಚ್ಚುತ್ತದೆ. ಎರಡು ವರ್ಷದ ಆಯ-ವ್ಯಯ ಪಟ್ಟಿ ಬರೆದ ಮೇಲೆ ಮುಂದಿನ ಹೆಜ್ಜೆ.

4. ಮುಚ್ಚಿದರೆ ಬರೆದದ್ದು ಎಲ್ಲಿ ಹೋಗುತ್ತದೆ? ವಿಕಿಪೀಡಿಯದ ಬರಹವನ್ನು ಯಾರು ಬೇಕಾದರೂ ನಕಲು ಮಾಡಿ ಉಳಿಸಿಕೊಳ್ಳಬಹುದು. ನಮ್ಮ ವೇದಿಕೆಗೂ ಅಂತಹ ದಾರಿ ಮೊದಲ ದಿನವೇ ಇರಬೇಕು.

ಈ ನಾಲ್ಕಕ್ಕೂ ಒಂದು ಹಾಳೆಯಲ್ಲಿ ಉತ್ತರ ಬರೆಯಲು ಆಗದಿದ್ದರೆ ಉದ್ಘಾಟನೆ ಮುಂದೆ ಹಾಕುವುದೇ ಒಳ್ಳೆಯದು. ಉತ್ತರ ಸಿಕ್ಕರೆ ದುಬಾರಿ ಆ್ಯಪ್ ಬೇಡ. ಒಂದು ತರಗತಿಯಿಂದ, ಈಗಿರುವ ಸಾಧನಗಳಿಂದಲೇ ಆರಂಭಿಸಬಹುದು.