ನಗಿಸಲು ಹೊರಟ ಮಕ್ಕಳಿಗೆ

ಮೈಕು ಹಿಡಿದು ನಾಲ್ಕು ಜನರನ್ನು ನಗಿಸುವುದೇ ನನ್ನ ದಾರಿ ಅಂತ ಹೊರಟಿದ್ದೀರಿ, ಬಹಳ ಸಂತೋಷ. ಹೊರಡುವ ಮೊದಲು ಡಿಕ್ ಗ್ರೆಗರಿಯ ಬದುಕನ್ನು ಓದಿಕೊಳ್ಳಿ.

1932ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ, ಕಡುಬಡತನದಲ್ಲಿ ಹುಟ್ಟಿದ ಕಪ್ಪು ಹುಡುಗ ಆತ. 1961ರ ಜನವರಿಯಲ್ಲಿ ಷಿಕಾಗೋದ ಪ್ಲೇಬಾಯ್ ಕ್ಲಬ್ಬಿನಲ್ಲಿ ಬೇರೊಬ್ಬ ಹಾಸ್ಯಗಾರರ ಬದಲಿಗೆ ಒಂದೇ ರಾತ್ರಿಗೆಂದು ವೇದಿಕೆ ಹತ್ತಿದ. ಎದುರಿಗಿದ್ದವರು ದಕ್ಷಿಣ ರಾಜ್ಯಗಳಿಂದ ಬಂದ ಬಿಳಿಯ ವ್ಯಾಪಾರಿಗಳು. ಅವರ ಊರಿನ ಹೋಟೆಲುಗಳಲ್ಲಿ ಅವನಿಗೆ ಊಟ ಬಡಿಸುತ್ತಿರಲಿಲ್ಲ. ಆತ ಅಂಗಲಾಚಲಿಲ್ಲ, ಬೈಯಲೂ ಇಲ್ಲ. ಊಟ ಬಡಿಸದ ಆ ಕಟ್ಟಳೆಯನ್ನೇ ಎತ್ತಿ ಅವರ ಮುಂದಿಟ್ಟು ಅವರನ್ನೇ ನಗಿಸಿದ. ಒಂದು ರಾತ್ರಿಯ ಕೆಲಸ ವಾರಗಟ್ಟಲೆ ಮುಂದುವರಿಯಿತು.

ಅಲ್ಲಿಯವರೆಗೆ ಬಿಳಿಯರ ಮುಂದೆ ಕಪ್ಪು ಕಲಾವಿದರು ಪೆದ್ದರಂತೆ ನಟಿಸಿ ನಗಿಸುವುದೇ ರೂಢಿ. ಗ್ರೆಗರಿ ಸೂಟು ತೊಟ್ಟು, ಸ್ಟೂಲಿನ ಮೇಲೆ ಕೂತು, ಅಂದಿನ ಪತ್ರಿಕೆಯ ಸುದ್ದಿಯನ್ನು ಮಾತಾಡಿದ. ಏಟು ತಿಂದವನ ಮೇಲಿದ್ದ ನಗು ಏಟು ಕೊಡುವವನ ಕಡೆ ತಿರುಗಿತು. ಅವನ ಕಸುಬಿನ ಗುಟ್ಟೆಲ್ಲ ಇಷ್ಟೇ ಎಂದು ನಾನು ನಂಬಿದ್ದೇನೆ. ಜ್ಯಾಕ್ ಪಾರ್ ಅವರ ಪ್ರಸಿದ್ಧ ಟಿವಿ ಕಾರ್ಯಕ್ರಮಕ್ಕೆ ಕರೆದಾಗಲೂ ಮೊದಲು ಒಲ್ಲೆ ಅಂದ. ಅಲ್ಲಿ ಕಪ್ಪು ಕಲಾವಿದರು ನಗಿಸಿ ಮುಗಿಸಿದ ಮೇಲೆ ಅವರನ್ನು ಹಾಗೆಯೇ ಕಳಿಸುತ್ತಿದ್ದರು. ಸೋಫಾದಲ್ಲಿ ಕೂರಿಸಿ ಮಾತಾಡಿಸುತ್ತಿರಲಿಲ್ಲ. ಪಾರ್ ಅವರೇ ಫೋನ್ ಮಾಡಿ ಒಪ್ಪಿದ ಮೇಲೆ ಹೋದ, ಕೂತ, ಮಾತಾಡಿದ.

ವೇದಿಕೆ ಇಳಿದ ಮೇಲೂ ಅವನ ಮಾತು ಮುಗಿಯಲಿಲ್ಲ. ಮಿಸಿಸಿಪ್ಪಿಯ ಗ್ರೀನ್‌ವುಡ್ ಸುತ್ತಮುತ್ತ ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಬರೆಸಲು ಹೊರಟರು. ಅದಕ್ಕೆ ಪ್ರತಿಯಾಗಿ ಅಲ್ಲಿನ ಆಡಳಿತ ಸರ್ಕಾರದ ಉಚಿತ ಆಹಾರ ಹಂಚುವುದನ್ನೇ ನಿಲ್ಲಿಸಿಬಿಟ್ಟಿತು. ಹತ್ತಿ ಹೊಲದ ಕೂಲಿಗಳ ಪಾಲಿಗೆ ಅದು ಚಳಿಗಾಲದ ಅನ್ನ. 1963ರಲ್ಲಿ ಗ್ರೆಗರಿ ವಿಮಾನ ಗೊತ್ತುಮಾಡಿಕೊಂಡು ಸುಮಾರು 7 ಟನ್ ಆಹಾರ ಸಾಗಿಸಿದ. ಅದೇ ವರ್ಷ ಬರ್ಮಿಂಗ್‌ಹ್ಯಾಮಿನ ಜೈಲಿನಲ್ಲಿ ಪೆಟ್ಟು ತಿಂದ. 1965ರಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಗಲಭೆಯಲ್ಲಿ ಜನರನ್ನು ಸಮಾಧಾನಪಡಿಸಲು ಹೋಗಿ ಕಾಲಿಗೆ ಗುಂಡೇಟು ತಿಂದ. ಕ್ಲಬ್ಬುಗಳ ಸಾವಿರಾರು ಡಾಲರ್ ಸಂಪಾದನೆ ಬಿಟ್ಟು ಮೆರವಣಿಗೆಗಳಿಗೆ ನಡೆದ, ವಿಯೆಟ್ನಾಂ ಯುದ್ಧದ ವಿರುದ್ಧ ಉಪವಾಸ ಕೂತ. 2017ರಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಬಾಯಿ ಮುಚ್ಚಲಿಲ್ಲ.

ನೀವೆಲ್ಲರೂ ಜೈಲಿಗೆ ಹೋಗಿ ಅನ್ನುವಷ್ಟು ಕಠಿಣ ನಾನಲ್ಲ. ಆದರೆ ನಮ್ಮ ಹಾಸ್ಯಸಂಜೆಗಳಲ್ಲಿ ಇವತ್ತಿಗೂ ಕಪ್ಪು ಮೈಬಣ್ಣ, ದಪ್ಪ ಹೆಂಡತಿ, ಹಳ್ಳಿಯವರ ನುಡಿಗಟ್ಟು ಚಪ್ಪಾಳೆ ಗಿಟ್ಟಿಸುತ್ತವೆ. ಅದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಮುಂದಿನ ಶೋಗೆ ಬರೆದಿಟ್ಟುಕೊಂಡ ಜೋಕುಗಳನ್ನು ಇವತ್ತೇ ತೆಗೆದು ನೋಡಿ. ಯಾರ ಮೇಲೆ ನಗುತ್ತಿದ್ದೀರಿ ಅಂತ ಒಂದೊಂದರ ಪಕ್ಕ ಬರೆಯಿರಿ. ತಿರುಗಿ ಮಾತಾಡಲಾಗದವರ ಹೆಸರು ಬಂದರೆ ದಯವಿಟ್ಟು ಆ ಜೋಕು ಹೊಡೆದುಹಾಕಿ.