ಮನಸ್ಸು ಗಟ್ಟಿ ಮಾಡುವ ಮೊದಲು ಬಲೆ ಕಟ್ಟು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಸಿಗುವ ಬುದ್ಧಿಮಾತು, ‘ಮನಸ್ಸು ಗಟ್ಟಿ ಮಾಡ್ಕೊ ಮಗ’. ಹೇಳುವವರ ಕಾಳಜಿ ನಿಜ. ಆದರೆ ಬೆಳಿಗ್ಗೆ ಗಟ್ಟಿಯಿದ್ದ ಮನಸ್ಸು ಸಂಜೆಗೆ ಸೋಲುತ್ತದೆ. ರೇಷ್ಮೆ ಹುಳು ಸಾಕುವ ನಾವು ಹುಳುವಿನ ಶತ್ರುವಾದ ಊಜಿ ನೊಣವನ್ನು ಹಟಹಿಡಿದು ಓಡಿಸುತ್ತ ಕೂರುವುದಿಲ್ಲ; ಕಿಟಕಿ ಬಾಗಿಲಿಗೆ ನೈಲಾನ್ ಬಲೆ ಕಟ್ಟುತ್ತೇವೆ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಡಿ ನೀರಿನ ಬಟ್ಟಲಿಡುತ್ತೇವೆ. ಬದುಕಿನ ಕಷ್ಟಕ್ಕೂ ಬೇಕಾದದ್ದು ಇಂಥ ಮುಂದಾಲೋಚನೆಯೇ.

• ಸೋಲುವ ಹೊತ್ತನ್ನು ಗುರುತಿಸು. ಕುಡಿತವನ್ನೇ ತೆಗೆದುಕೊ; ಕುಡಿಯುವ ಚಪಲ ದಿನವಿಡೀ ಒಂದೇ ಸಮ ಇರುವುದಿಲ್ಲ. ಬಟವಾಡೆಯ ಸಂಜೆ, ರೇಷ್ಮೆ ಗೂಡು ಮಾರಿದ ದಿನ, ಹಳೆಯ ಜೊತೆಗಾರರು ಸಿಕ್ಕಾಗ ಅದು ಜೋರು. ಯಾವಾಗ, ಎಲ್ಲಿ, ಯಾರ ಜೊತೆ ಎಂದು ಒಂದು ವಾರ ಬರೆದಿಡು.

• ದಾರಿಯನ್ನೇ ಬದಲಿಸು. ಮಾರುಕಟ್ಟೆಗೆ ಗೂಡು ಒಯ್ಯುವಾಗ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊ. ಹಣ ನೇರ ಖಾತೆಗೆ ಬೀಳಲಿ. ಸಂಘದ ಕಂತು, ಮಕ್ಕಳ ಫೀಸು, ಮುಂದಿನ ಬೆಳೆಯ ಮೊಟ್ಟೆ ಖರ್ಚು ಮೊದಲೇ ಪಾಲು ಮಾಡಿಡು. ಜೇಬಿನಲ್ಲಿ ಇಲ್ಲದ ದುಡ್ಡು ಯಾರನ್ನೂ ಅಂಗಡಿಗೆ ಎಳೆಯದು.

• ವೈದ್ಯರ ಕೆಲಸ ವೈದ್ಯರಿಗೆ ಬಿಡು. ಕುಡಿಯದಿದ್ದರೆ ಬೆಳಿಗ್ಗೆ ಕೈ ನಡುಗುವವರು ಒಮ್ಮೆಗೇ ಬಿಟ್ಟರೆ ಜೀವಕ್ಕೇ ಅಪಾಯವಾಗಬಹುದು. ಆಸ್ಪತ್ರೆಗೆ ಹೋಗಿ, ಔಷಧಿಯ ಆಸರೆಯಲ್ಲಿ ಬಿಡಬೇಕು. ಮನಸ್ಸು ಕುಸಿದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡಬಹುದು.

• ಸಾಲವನ್ನು ಹಾಳೆಗೆ ಇಳಿಸು. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಕಂತು ಯಾವಾಗ, ಎಲ್ಲವನ್ನೂ ಮನೆಮಂದಿಯ ಮುಂದೆ ಬರೆ. ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸು. ಸಾಲ ತೀರಿಸಲು ಮತ್ತೊಂದು ಸಾಲ ಎತ್ತಬೇಡ. ಮೈಕ್ರೋಫೈನಾನ್ಸ್ ಕಾಟಕ್ಕೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಬೀಗ ಬಿದ್ದದ್ದನ್ನು ಕಂಡಿದ್ದೇವೆ. ವಸೂಲಿಯ ಕಿರುಕುಳ ತಡೆಯಲು ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬೆದರಿಸಿದರೆ ಊರು ಬಿಡಬೇಡ, ಪೊಲೀಸರಿಗೆ ದೂರು ಕೊಡು.

• ಭಾರದ ವಾರಕ್ಕೆ ಮೊದಲೇ ಆಳು ಗೊತ್ತು ಮಾಡು. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ರೇಷ್ಮೆ ಹುಳು ಕೊನೆಯ ವಾರದಲ್ಲೇ ತನ್ನ ಪಾಲಿನ ಮುಕ್ಕಾಲಿಗಿಂತ ಹೆಚ್ಚು ಸೊಪ್ಪು ತಿನ್ನುತ್ತದೆ. ಅದನ್ನು ತಿಳಿದವನು ಚಾಕಿಯ (ಮರಿಹುಳುವಿನ) ದಿನಗಳಲ್ಲೇ ಸೊಪ್ಪಿಗೂ ಕೈಯಾಳಿಗೂ ಏರ್ಪಾಡು ಮಾಡಿರುತ್ತಾನೆ. ನಿನ್ನ ಪರೀಕ್ಷೆ, ಹೆರಿಗೆ, ಮನೆಯವರ ಆಪರೇಷನ್, ಯಾವುದೇ ಇರಲಿ, ಬಿಗಿಯ ದಿನಗಳಿಗೆ ಯಾರು ಬರುತ್ತಾರೆ ಎಂದು ಇಂದೇ ಕೇಳಿಡು.

• ವಿಶ್ರಾಂತಿಯನ್ನು ಲೆಕ್ಕಕ್ಕೆ ಹಿಡಿ. ಜ್ವರಕ್ಕೆ ಕೂತ ಹುಳುವಿಗೆ ಯಾರೂ ಸೊಪ್ಪು ಹಾಕುವುದಿಲ್ಲ. ನಿದ್ದೆಗೆಟ್ಟು, ಹಸಿದು ಕೂತಾಗ ದೊಡ್ಡ ತೀರ್ಮಾನ ಬೇಡ. ಉಂಡು ಮಲಗಿ, ಬೆಳಿಗ್ಗೆ ಯೋಚಿಸು.

• ಹರಕೆಗೆ ಏರ್ಪಾಡನ್ನೂ ಕೂಡಿಸು. ಮಾದಪ್ಪನ ಬೆಟ್ಟಕ್ಕೆ ನಡೆಯುವವರು ಭಕ್ತಿಯೊಂದನ್ನೇ ನೆಚ್ಚಿ ಹೊರಡುವುದಿಲ್ಲ. ಗುಂಪು ಕಟ್ಟುತ್ತಾರೆ, ಹನೂರು, ಕೌದಳ್ಳಿ, ತಾಳುಬೆಟ್ಟ ಎಂದು ದಾರಿಯನ್ನು ತುಂಡು ಮಾಡಿಕೊಳ್ಳುತ್ತಾರೆ. ನೀನೂ ಇವತ್ತಿನ ಪಾಲನ್ನಷ್ಟೇ ನಡೆ.

• ಒಬ್ಬನೇ ಹೊರಬೇಡ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಾಡಿನ ಮೇಲಿನ ಹಕ್ಕು ತಪ್ಪಿದಾಗ ಅವರು ನುಂಗಿಕೊಂಡು ಕೂರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು, ಗ್ರಾಮಸಭೆ ಸೇರಿ, ತಮ್ಮ ದೇವರ ತಾಣಗಳನ್ನು ನಕ್ಷೆಗೆ ತಂದರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಪಡೆದರು. ಸಂಘ, ಕಾಗದಪತ್ರ, ತಿಳಿದವರ ಸಲಹೆ, ಮೂರೂ ಸೇರಿದರೆ ಬಡವನ ಮಾತಿಗೂ ಬಲ ಬರುತ್ತದೆ.

• ಜಾರಿದರೆ ನಿನ್ನನ್ನೇ ಬೈದುಕೊಳ್ಳಬೇಡ. ಒಂದು ಬೆಳೆ ಹೋದರೆ ಯಾರೂ ಹಿಪ್ಪುನೇರಳೆ ತೋಟ ಕಿತ್ತುಹಾಕುವುದಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ಮನೆ ತೊಳೆದು, ರೋಗ ಎಲ್ಲಿಂದ ಬಂತು ಎಂದು ಹುಡುಕುತ್ತಾರೆ. ನೀನೂ ಯಾವ ಏರ್ಪಾಡು ತಪ್ಪಿತು ಎಂದು ಹುಡುಕು. ಅದೊಂದನ್ನು ಸರಿಪಡಿಸಿ ನಾಳೆಯೇ ಮತ್ತೆ ಶುರು ಮಾಡು.